ಆರ್‌ಬಿಎಸ್‌ಕೆ ಡಾಕ್ಟ್ರು ಡಿಇಐಸಿಗೆ ಹೋಗಿ ಅಂತ ಚೀಟಿ ಕೊಟ್ಟಿದಾರೆ, ಮನೇಲಿ ಬೇಡ ಅಂತಾರೆ. ಏನ್ ಮಾಡ್ಲಿ?

ಸುಗ್ಗಿ_ಸಂಜೆ
ಎಲ್ರಿಗೂ ನಮಸ್ಕಾರ. ನನ್ ಮಗನಿಗೆ 2 ವರ್ಷ 4 ತಿಂಗಳು. ಓಡ್ತಾನೆ, ಮಂಚ ಹತ್ತಿ ಇಳಿತಾನೆ, ಊಟ ಚೆನ್ನಾಗೇ ಮಾಡ್ತಾನೆ, ಆದ್ರೆ ಮಾತಿಲ್ಲ. "ಮಮ್ಮಮ್ಮ" ಅಂತಾನೆ, ಅದು ನನ್ನ ಕರೆದಿದ್ದಲ್ಲ, ಸುಮ್ನೆ ಅಂತಿರ್ತಾನೆ. ಏನಾದ್ರೂ ಬೇಕಿದ್ರೆ ನನ್ ಕೈ ಎಳ್ಕೊಂಡ್ ಹೋಗಿ ಅದ್ರ ಮೇಲೆ ಇಡ್ತಾನೆ, ಬೆರಳು ಮಾಡಿ ತೋರ್ಸಲ್ಲ. ಹೆಸರು ಕರೆದ್ರೆ ಒಂದೊಂದ್ ಸಲ ತಿರುಗ್ತಾನೆ, ಜಾಸ್ತಿ ಸಲ ಇಲ್ಲ. ಆದ್ರೆ ಬಿಸ್ಕತ್ ಪ್ಯಾಕೆಟ್ ಬಿಚ್ಚೋ ಸದ್ದಿಗೆ ಎಲ್ಲಿದ್ರೂ ಓಡಿ ಬರ್ತಾನೆ, ಹಂಗಾಗಿ ಕಿವಿ ಸರಿ ಇದೆ ಅಂತ ನಮ್ ಲೆಕ್ಕ.

ಹೋದ ವಾರ ಅಂಗನವಾಡಿಗೆ ಆರ್‌ಬಿಎಸ್‌ಕೆ ಗಾಡಿ, ಅದೇ ಸರ್ಕಾರದಿಂದ ಮಕ್ಳ ಆರೋಗ್ಯ ತಪಾಸಣೆಗೆ ಬರೋದು, ಬಂದಿತ್ತು. ಮೇಡಂ ಸುಮಾರು ಹೊತ್ತು ಆಟ ಆಡಿಸಿ ನೋಡಿ, ಜಿಲ್ಲಾಸ್ಪತ್ರೆ ಡಿಇಐಸಿಗೆ (ಮಕ್ಳ ಬೆಳವಣಿಗೆ ತೊಂದರೆ ಬೇಗ ಗುರುತಿಸಿ ನೋಡೋ ಕೇಂದ್ರ) ತೋರ್ಸಿ ಅಂತ ಚೀಟಿ ಬರೆದುಕೊಟ್ರು. ಚೀಟಿ ನೋಡಿದ್ದೇ ತಡ ಮನೇಲಿ ದೊಡ್ಡ ರಂಪ. ಅತ್ತೆ "ಇವನಪ್ಪನೂ ಮೂರು ತುಂಬಿದ್ ಮೇಲೇ ಮಾತಾಡಿದ್ದು, ಮಗುಗೆ ಹುಚ್ಚು ಅಂತ ಬರೆಸ್ಕೊಂಡು ಬರ್ಬೇಡಿ" ಅಂತಾರೆ. ಯಜಮಾನ್ರು ಸುಮ್ನಿದಾರೆ. ಜಿಲ್ಲಾ ಕೇಂದ್ರ ನಮಗೆ ಎರಡು ಬಸ್ ದೂರ. ನಿಜವಾಗ್ಲೂ ಹೋಗ್ಬೇಕಾ, ಇಲ್ಲ ಮೂರು ವರ್ಷದ ತನಕ ಕಾಯ್ಬೋದಾ?

ಬಯಲುಸೀಮೆ_ಬಸ್ಯಾ
ಕಾಯ್ರಿ ಏನಾಗಲ್ಲ. ಗಂಡ್ ಹುಡುಗ್ರು ಮಾತು ಲೇಟೇ. ನಮ್ಮ ಅಣ್ಣನ ಮಗ ನಾಲ್ಕಕ್ಕೆ ಬಾಯಿ ಬಿಟ್ಟ, ಈಗ ಮುಚ್ಚಿಸೋದೇ ಕಷ್ಟ ಐತಿ 😄

ತುಂಗೆಯ_ತಟ
ಬಸ್ಯಾ ಅವ್ರೇ, ನಿಮ್ಮಣ್ಣನ ಮಗ ಬೆರಳು ತೋರ್ಸಿ ಕೇಳ್ತಿದ್ನಾ ಇಲ್ವಾ? ಕರೆದ್ರೆ ತಿರುಗ್ತಿದ್ನಾ? ಬರೀ ಮಾತು ಲೇಟ್ ಇರೋ ಮಗು ಕಣ್ಣಲ್ಲಿ, ಕೈಯಲ್ಲಿ, ಮುಖದಲ್ಲಿ ಎಲ್ಲಾ ಮಾತಾಡ್ತಿರುತ್ತೆ. ಪೋಸ್ಟಲ್ಲಿ ಅವ್ರು ಬರೆದಿರೋದು ಬರೀ ಮಾತಿನ ವಿಷಯ ಅಲ್ಲ, ಇನ್ನೊಂದ್ಸಲ ಓದಿ.

ಅಜ್ಜಿಮನೆ_ಸಾರು
ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚಿ. ನಮ್ಮ ಕಾಲದಲ್ಲಿ ಎಲ್ಲಾ ಮಕ್ಳಿಗೂ ಹಚ್ತಿದ್ವಿ, ಯಾರೂ ಮೂಗರಾಗಲಿಲ್ಲ.

ಕಿವಿಮಾತು
ನಾನು ಆಡಿಯಾಲಜಿಸ್ಟ್, ಕಿವಿ ಪರೀಕ್ಷೆ ಮಾಡೋ ಕೆಲಸ, ಅದಕ್ಕೇ ಈ ಹೆಸರು. ಸುಗ್ಗಿ ಅವ್ರೇ, ಬೇರೆ ಏನೇ ಮಾಡೋ ಮುಂಚೆ ಕಿವಿ ಟೆಸ್ಟ್ ಮಾಡ್ಸಿ. ಬಿಸ್ಕತ್ ಪ್ಯಾಕೆಟ್ ಪರೀಕ್ಷೆ ಎಲ್ಲಾ ಮನೆಲೂ ನಡೆಯುತ್ತೆ, ಅದನ್ನ ನಂಬಿ ಕೂತು ಬಹಳ ತಡವಾಗಿ ಬರೋ ಮಕ್ಳನ್ನ ನಾನು ನೋಡ್ತಾನೇ ಇರ್ತೀನಿ. ಕಿವುಡು ಅಂದ್ರೆ ಏನೂ ಕೇಳಲ್ಲ ಅಂತ ಅಲ್ಲ. ಕೆಲವು ಸದ್ದು ಕೇಳುತ್ತೆ ಕೆಲವು ಕೇಳಲ್ಲ, ಒಂದು ಕಿವಿ ಸರಿ ಇದ್ದು ಇನ್ನೊಂದು ಇಲ್ಲದೇ ಇರ್ಬೋದು, ಪದೇಪದೇ ನೆಗಡಿ ಆಗಿ ಕಿವಿ ಪರದೆ ಹಿಂದೆ ನೀರು ನಿಂತಿದ್ರೂ ಮಾತು ಮಸುಕಾಗಿ ಕೇಳುತ್ತೆ. ಓಎಇ ಅಂತ ಒಂದು ಟೆಸ್ಟ್ ಇದೆ, ಕೆಲವೇ ನಿಮಿಷ, ನೋವಿಲ್ಲ. ಅದ್ರಲ್ಲಿ ಸಂಶಯ ಬಂದ್ರೆ ಬೆರಾ ಅಂತ ಇನ್ನೊಂದು ಕಿವಿ ಟೆಸ್ಟ್, ಅದನ್ನ ಮಗು ಮಲಗಿರೋವಾಗ ಮಾಡ್ತಾರೆ. ಮಗು ಕುಲುಕ್ತಾ ಕೂತಿದ್ರೆ ಆಗಲ್ಲ, ಹಾಗಾಗಿ ಹೋಗೋ ದಿನ ಬೆಳಿಗ್ಗೆ ಬೇಗ ಎಬ್ಸಿ, ಬಸ್ಸಲ್ಲಿ ಮಲಗಿಸ್ಬೇಡಿ.

ಹುಟ್ಟಿದ ಮಕ್ಳಿಗೆ 1-3-6 ಅಂತ ಲೆಕ್ಕ ಇಟ್ಕೊಂಡಿದೀವಿ: 1 ತಿಂಗಳೊಳಗೆ ಸ್ಕ್ರೀನಿಂಗ್, 3 ತಿಂಗಳೊಳಗೆ ಖಚಿತ ಮಾಡ್ಕೊಳ್ಳೋದು, 6 ತಿಂಗಳೊಳಗೆ ಕಿವಿ ಮಿಷನ್ ಅಥವಾ ಥೆರಪಿ ಶುರು. ನಮ್ಮಲ್ಲಿ ಇನ್ನೂ ಎಲ್ಲಾ ಹೆರಿಗೆ ಆಸ್ಪತ್ರೆಲೂ ಆಗ್ತಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿ ಒಳಗೆ ಇಡೋ ಸಾಧನ) ಬೇಕಾಗೋ ಮಕ್ಳಿಗೆ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತೆ, ಸರ್ಕಾರದ ಸಹಾಯಕ್ಕೂ ವಯಸ್ಸಿನ ಮಿತಿ ಇದೆ.

ಅಜ್ಜಿ, ಬಜೆ ಬಗ್ಗೆ ಜಗಳ ಮಾಡಲ್ಲ, ಆದ್ರೆ ಮಾತು ನಾಲಿಗೆಯಿಂದ ಶುರು ಆಗಲ್ಲ, ಕಿವಿ ಮತ್ತೆ ಮೆದುಳಿಂದ ಶುರು ಆಗೋದು.

ಅಜ್ಜಿಮನೆ_ಸಾರು
ನಾನು ಟೆಸ್ಟ್ ಬೇಡ ಅಂತ ಎಲ್ಲಿ ಹೇಳ್ದೆ? ಅದೂ ಮಾಡ್ಸಿ, ಇದೂ ಹಚ್ಚಿ.

ಗಾಲಿಕುರ್ಚಿ_ಅಪ್ಪ
ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಸಿಪಿ), ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರಲ್ಲ. ದಿನ ತುಂಬೋ ಮುಂಚೆ ಹುಟ್ಟಿದ್ಲು, ಎರಡೂ ಕಾಲು ಬಿಗಿ. ನಮ್ಮನೇಲೂ ಇದೇ "ಕಾಯೋಣ" ಕತೆ, ಯಾಕಂದ್ರೆ ಮಗು ನಗ್ತಿತ್ತು, ಎಲ್ಲರ ಗುರುತು ಹಿಡಿತಿತ್ತು, ಕೂರೋದು ಮಾತ್ರ ಇಲ್ಲ. ತಾಯಿ ಕಾರ್ಡಲ್ಲಿ ಯಾವ ತಿಂಗಳಿಗೆ ಏನ್ ಮಾಡ್ಬೇಕು ಅಂತ ಚಿತ್ರ ಸಮೇತ ಹಾಕಿರ್ತಾರೆ, ಯಾರೂ ನೋಡಲ್ಲ, ಇಂಜೆಕ್ಷನ್ ತಾರೀಖು ಮಾತ್ರ ನೋಡ್ತೀವಿ.

ಈಗ ಕಹಿ ಮಾತು. ಚೀಟಿ ಕೊಡೋದು ಸುಲಭ. ನಾವು ಚೀಟಿ ಹಿಡ್ಕೊಂಡು ಹೋದಾಗ ನಮ್ಮ ಕಡೆಯ ಡಿಇಐಸಿ ಬಾಗಿಲ ಮೇಲೆ ಪೀಡಿಯಾಟ್ರಿಷಿಯನ್, ಫಿಸಿಯೋ, ಸ್ಪೀಚ್ ಥೆರಪಿಸ್ಟ್, ಸೈಕಾಲಜಿಸ್ಟ್, ಸ್ಪೆಷಲ್ ಎಜುಕೇಟರ್ ಎಲ್ಲಾ ಬೋರ್ಡ್ ಇತ್ತು, ಒಳಗೆ ಇದ್ದಿದ್ದು ಫಿಸಿಯೋ ಒಬ್ರೇ. ಅವ್ರು ದೇವರಂಥವರು, ಅದು ಬೇರೆ ವಿಷಯ. ಆದ್ರೆ ವಾರಕ್ಕೆ ಮೂರು ಸಲ ಬನ್ನಿ ಅಂದ್ರೆ ಕೂಲಿ ಬಿಟ್ಟು ಯಾರು ಬರ್ತಾರೆ? ಬಸ್ಸಲ್ಲಿ ಬಿಗಿ ಕಾಲಿನ ಮಗು ಎತ್ಕೊಂಡು ನಿಂತು ಬಂದು ಅರ್ಧ ಗಂಟೆ ವ್ಯಾಯಾಮ ಮಾಡ್ಸಿ ವಾಪಸ್ ಹೋಗೋಷ್ಟರಲ್ಲಿ ಮಗುನೂ ಸುಸ್ತು ತಾಯಿನೂ ಸುಸ್ತು, ಸಾಯಂಕಾಲ ಮನೇಲಿ ಮಾಡ್ಬೇಕಾದ ವ್ಯಾಯಾಮ ಯಾರಿಗೂ ಬೇಡ. ನಿಜವಾದ ಪ್ರಯೋಜನ ಆಗಿದ್ದು ಅದೇ ಫಿಸಿಯೋ "ನೀವು ತಿಂಗಳಿಗೊಂದ್ಸಲ ಬನ್ನಿ ಸಾಕು, ಹೇಗೆ ಎತ್ಕೋಬೇಕು, ಹೇಗೆ ಕೂರಿಸ್ಬೇಕು, ಸ್ನಾನ ಮಾಡ್ಸುವಾಗ ಕಾಲು ಹೇಗೆ ಬಿಡಿಸ್ಬೇಕು ಎಲ್ಲಾ ನಿಮ್ಮ ಮನೆಯವ್ರಿಗೆ ಕಲಿಸ್ತೀನಿ, ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ" ಅಂದ ಮೇಲೆ.

ಚೌಕಾಬಾರ
ಸಾರ್ ಯಾವ ಜಿಲ್ಲೆ ಅಂತ ಹೇಳಿ, ಟ್ವೀಟ್ ಮಾಡಿ ಮಿನಿಸ್ಟರ್‌ಗೆ ಟ್ಯಾಗ್ ಮಾಡೋಣ

ನಿರ್ವಾಹಕ
ಆಸ್ಪತ್ರೆ, ಡಾಕ್ಟ್ರ ಹೆಸರು ಹಾಕೋದು ಬೇಡ. ಚರ್ಚೆ ಮುಂದುವರೀಲಿ.

ಗಾಡಿ_ಡಾಕ್ಟರ್
ನಾನು ಅದೇ "ಚೀಟಿ ಕೊಡೋ" ಜನ, ಬೇರೆ ಜಿಲ್ಲೆಯಲ್ಲಿ. ಕೆಲವು ವಿಷಯ ಗೊತ್ತಿರ್ಲಿ. ಆರ್‌ಬಿಎಸ್‌ಕೆ 2013ರಲ್ಲಿ ಶುರು ಆಗಿದ್ದು, ಹುಟ್ಟಿನಿಂದ 18 ವರ್ಷದ ತನಕ. ಹುಟ್ಟಿನ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದೆ ಬೀಳೋದು, ಇಷ್ಟನ್ನ ಸೇರಿಸಿ 30 ತೊಂದರೆ ನೋಡ್ಬೇಕು. ಟೀಮಲ್ಲಿ ಇಬ್ರು ಆಯುಷ್ ಡಾಕ್ಟ್ರು, ಒಬ್ರು ನರ್ಸ್, ಒಬ್ರು ಫಾರ್ಮಸಿಸ್ಟ್ ಇರ್ಬೇಕು ಅಂತ ನಿಯಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತೆ ಅನುದಾನಿತ ಶಾಲೆಗೆ ಒಂದು ಸಲ. ನಾವು ಹೋದ ದಿನ ಮಗು ಅಜ್ಜಿ ಊರಿಗೆ ಹೋಗಿದ್ರೆ ಮತ್ತೆ ಸಿಗೋದು ಆರು ತಿಂಗಳ ಮೇಲೆ. ನಿಮ್ಮ ಮಗ ಅವತ್ತು ಅಂಗನವಾಡೀಲಿ ಇದ್ದಿದ್ದು, ಆ ಮೇಡಂ ಕೂತು ಆಟ ಆಡಿಸಿದ್ದು ನಿಮ್ಮ ಪುಣ್ಯ ಅಂದ್ಕೊಳ್ಳಿ.

ಚೀಟಿ ಅಂದ್ರೆ ಡಯಾಗ್ನೋಸಿಸ್ ಅಲ್ಲ. ಗಾಡೀಲಿ ಕೂತು ನಾವು ಆಟಿಸಂ (ಮಾತು, ಬೇರೆಯವ್ರ ಜೊತೆ ಬೆರೆಯೋದು ಕಷ್ಟ ಆಗೋ ಬೆಳವಣಿಗೆ ತೊಂದರೆ) ಅಂತ ಬರೆಯೋ ಹಾಗೂ ಇಲ್ಲ, ಬರೆಯೋದೂ ಇಲ್ಲ. "ಇನ್ನೊಬ್ರು ಸರಿಯಾಗಿ ನೋಡ್ಲಿ" ಅಂತ ಅಷ್ಟೇ ಅದ್ರ ಅರ್ಥ. ನೋಡಿ ಏನೂ ಇಲ್ಲ ಅಂದ್ರೆ ಬಸ್ ಚಾರ್ಜ್ ಹೋಯ್ತು ಅಷ್ಟೇ. ಹುಚ್ಚು ಅಂತ ಯಾರೂ ಬರೆಯಲ್ಲ ಅಂತ ಅತ್ತೆಗೆ ಹೇಳಿ. ಸೀಳು ತುಟಿ, ಹುಟ್ಟಾ ಹೃದಯದ ತೂತು, ಸೊಟ್ಟ ಪಾದ ಇಂಥವಕ್ಕೆ ಈ ಚೀಟಿ ಮೇಲೇ ಆಪರೇಷನ್ ತನಕ ಫ್ರೀ ಆಗುತ್ತೆ, ಅಲ್ಲಿ ನಮಗೂ ತೃಪ್ತಿ ಇದೆ. ಮಾತು, ಬುದ್ಧಿ, ನಡವಳಿಕೆ ವಿಷಯದಲ್ಲಿ ಮಾತ್ರ ಗಾಲಿಕುರ್ಚಿ ಸಾರ್ ಹೇಳಿದ್ದು ಸುಳ್ಳಲ್ಲ. ಆಪರೇಷನ್ ಒಂದಿನದ ಕೆಲಸ, ಥೆರಪಿ ವರ್ಷಗಟ್ಲೆ. ಗುತ್ತಿಗೆ ಮೇಲೆ ಕಡಿಮೆ ಸಂಬಳಕ್ಕೆ ಸ್ಪೀಚ್ ಥೆರಪಿಸ್ಟ್ ಜಿಲ್ಲಾ ಕೇಂದ್ರಕ್ಕೆ ಯಾಕೆ ಬರ್ತಾರೆ, ಬೆಂಗಳೂರಲ್ಲಿ ಪ್ರೈವೇಟ್ ಸೆಂಟರ್‌ನವ್ರು ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತಾರೆ.

ಬಯಲುಸೀಮೆ_ಬಸ್ಯಾ
ಆಯುಷ್ ಡಾಕ್ಟ್ರಿಗೆ ಇದೆಲ್ಲಾ ಗೊತ್ತಾಗತೈತಾ ಅನ್ನೋದೇ ನನ್ ಪ್ರಶ್ನೆ

ಗಾಡಿ_ಡಾಕ್ಟರ್
ಬಸ್ಯಾ ಸಾರ್, ನಿಮ್ಮಣ್ಣನ ಮಗನ್ನ ನೋಡಿ ನೀವು ಹೇಳ್ಬೋದಂತೆ, ತರಬೇತಿ ತಗೊಂಡು ವರ್ಷವಿಡೀ ಮಕ್ಳನ್ನ ನೋಡೋ ನಮಗೆ ಗೊತ್ತಾಗ್ಬಾರ್ದಾ?

ತುಂಗೆಯ_ತಟ
😂😂 ಬಸ್ಯಾ ಔಟ್

ಕಡಲತಡಿ
ಮೊಬೈಲ್ ಎಷ್ಟು ಹೊತ್ತು ಕೊಡ್ತೀರಿ ಅಂತ ಯಾರೂ ಕೇಳಲೇ ಇಲ್ಲ ಮಾರಾಯ್ರೆ. ನಮ್ಮ ಪಕ್ಕದ ಮನೆ ಮಗು ಇಂಗ್ಲಿಷ್ ರೈಮ್ಸ್ ಇಡೀ ಹೇಳ್ತದೆ, ನೀರು ಬೇಕು ಅಂತ ಕೇಳ್ಲಿಕ್ಕೆ ಬರುದಿಲ್ಲ.

ಸುಗ್ಗಿ_ಸಂಜೆ
ಊಟಕ್ಕೆ ಕೊಡ್ತೀವಿ. ನಾನು ಹೊಲಕ್ಕೆ ಹೋದಾಗ ಅತ್ತೆನೂ ಕೊಡ್ತಾರೆ. ಹಂಗಾದ್ರೆ ಮೊಬೈಲಿಂದಾನೇ ಹಿಂಗಾಗಿದ್ದಾ?

ಆಟದ_ಅಕ್ಕ
ಸ್ಪೆಷಲ್ ಎಜುಕೇಟರ್ ನಾನು. ಸುಗ್ಗಿ, ಹಾಗೆ ತಲೆಗೆ ಹಚ್ಕೋಬೇಡಿ. ಮೊಬೈಲ್ ಆಟಿಸಂ ಹುಟ್ಟಿಸಲ್ಲ. ಆದ್ರೆ ಮೊಬೈಲ್ ನೋಡೋ ಹೊತ್ತಲ್ಲಿ ಮಗು ಜೊತೆ ಯಾರೂ ಮಾತಾಡ್ತಿರಲ್ಲ, ನಷ್ಟ ಇರೋದು ಅಲ್ಲಿ. 2 ವರ್ಷದೊಳಗೆ ಬೇಡವೇ ಬೇಡ, 2ರಿಂದ 5ರ ತನಕ ದಿನಕ್ಕೆ ಒಂದು ಗಂಟೆ ಮೀರ್ಬಾರ್ದು ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತೆ. "ವರ್ಚುವಲ್ ಆಟಿಸಂ, ಮೊಬೈಲ್ ಬಿಡ್ಸಿದ್ರೆ ವಾಸಿ" ಅಂತ ರೀಲ್ಸ್ ಬರುತ್ತಲ್ಲ, ಅದನ್ನ ನಂಬಿ ಟೆಸ್ಟ್ ಮುಂದಕ್ಕೆ ಹಾಕ್ಬೇಡಿ. ಮೊಬೈಲ್ ಬಿಡ್ಸಿ, ಆಸ್ಪತ್ರೆಗೂ ಹೋಗಿ.

ಹೋಗೋ ತನಕ ಮನೇಲಿ ಮಾಡ್ಬೋದಾದ್ದು ಹೇಳ್ತೀನಿ, ಇದಕ್ಕೆ ಯಾವ ಸರ್ಟಿಫಿಕೇಟೂ ಬೇಡ, ಯಾವ ಮಗುಗೂ ತೊಂದರೆ ಇಲ್ಲ. ಮಗು ಮುಂದೆ ನೆಲದ ಮೇಲೆ ಕೂತ್ಕೊಳ್ಳಿ, ನಿಮ್ಮ ಮುಖ ಅವನ ಮುಖದ ಮಟ್ಟಕ್ಕೆ ಬರ್ಲಿ. ಅವನು ಏನ್ ಆಡ್ತಿದಾನೋ ಅದನ್ನೇ ನೀವೂ ಆಡಿ. ಚಕ್ರ ತಿರುಗಿಸ್ತಿದ್ರೆ ನೀವೂ ತಿರುಗಿಸಿ, "ಗಿರ್ರ್" ಅನ್ನಿ, ನಿಲ್ಸಿ, ಅವನು ನಿಮ್ಮ ಕಡೆ ನೋಡೋ ತನಕ ಸುಮ್ನಿರಿ. ಈ ಸುಮ್ನಿರೋದೇ ನಮಗೆ ಬರಲ್ಲ. ಚಕ್ಲಿನೋ ಬಿಸ್ಕತ್ತೋ ಕಾಣೋ ಡಬ್ಬೀಲಿ ಬಿಗಿಯಾಗಿ ಮುಚ್ಚಿ ಅವನ ಕೈಗೇ ಕೊಡಿ, ಬಿಚ್ಚೋಕೆ ನಿಮ್ಮ ಹತ್ರ ಬರ್ಲೇಬೇಕು, ಬಂದಾಗ "ತೆಗಿ" ಅಂತ ಒಂದೇ ಪದ ಹೇಳಿ ಬಿಚ್ಚಿ. ನಿಮ್ಮ ಕೈ ಎಳೆದಾಗ ಅವನ ಬೆರಳನ್ನೇ ಮೆಲ್ಲಗೆ ಹಿಡ್ದು ಆ ವಸ್ತು ಕಡೆ ಮಾಡಿಸಿ. "ಇದೇನು ಹೇಳು, ಅದೇನು ಹೇಳು" ಅಂತ ಪರೀಕ್ಷೆ ಮಾಡ್ಬೇಡಿ. ಕೋಳಿಗೆ ಕಾಳು ಹಾಕೋವಾಗ, ಬಟ್ಟೆ ಒಗೆಯೋವಾಗ ಜೊತೇಲಿ ಇಟ್ಕೊಂಡು ಇದೇ ಮಾಡಿ. ಅತ್ತೆಗೂ ಕಲಿಸಿ, ಅಜ್ಜಿಯರು ಒಂದ್ಸಲ ಒಪ್ಪಿದ್ರೆ ನಮಗಿಂತ ಚೆನ್ನಾಗಿ ಮಾಡ್ತಾರೆ.

ಮತ್ತೆ ಮನೆ ಮಾತಲ್ಲೇ ಮಾತಾಡಿ. ಇಂಗ್ಲಿಷಲ್ಲೇ ಮಾತಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ.

ಚೌಕಾಬಾರ
ಇದು ನಿಜ. ನಮ್ಮ ಅಕ್ಕನಿಗೆ ಒಂದು ಸ್ಕೂಲಲ್ಲಿ "ಮನೇಲಿ ಕನ್ನಡ ನಿಲ್ಸಿ, ಮಗು ಕನ್‌ಫ್ಯೂಸ್ ಆಗ್ತಿದೆ" ಅಂದ್ರು. ಅಕ್ಕನ ಇಂಗ್ಲಿಷ್ ಕೇಳಿ ಮಗು ಇನ್ನೂ ಕನ್‌ಫ್ಯೂಸ್ ಆಯ್ತು.

ಹೊಸಬೆಳಕು_77
ಅಣ್ಣ ಅಕ್ಕಂದಿರೇ, ಆಟಿಸಂ ಮತ್ತು ಸಿಪಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಬಂದಿದೆ. ನಮ್ಮ ಸಂಬಂಧಿಕರ ಮಗುಗೆ ತುಂಬಾ ಸುಧಾರಣೆ. ಮಾಹಿತಿಗೆ ಇನ್‌ಬಾಕ್ಸ್ ಮಾಡಿ.

ಗಾಲಿಕುರ್ಚಿ_ಅಪ್ಪ
ಬಂದ ನೋಡಪ್ಪ. ನಮ್ಮ ಹತ್ರನೂ ಲಕ್ಷಗಟ್ಲೆ ಕೇಳಿದ್ರು, ಸೈಟ್ ಮಾರೋ ಮಾತು ನಡೀತಿತ್ತು. ಫಿಸಿಯೋ ಮೇಡಂ ಬೈದು ಕಳಿಸಿದ್ರಿಂದ ಸೈಟ್ ಉಳೀತು.

ಗಾಡಿ_ಡಾಕ್ಟರ್
ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತದ ಕಾಯಿಲೆ ಥರದವಕ್ಕೆ ಮಾಡೋ ಕಸಿ ಬಿಟ್ರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ಲನ್ನ ಮಾಮೂಲಿ ಚಿಕಿತ್ಸೆ ಅಂತ ಕೊಡೋ ಹಾಗಿಲ್ಲ. ಆಟಿಸಂ, ಸಿಪಿ ಎರಡೂ ಆ ಪಟ್ಟೀಲಿ ಇಲ್ಲ. ಪ್ರಯೋಗ ಮಾಡೋದಾದ್ರೆ ಅನುಮತಿ ತಗೊಂಡು ಮಾಡ್ಬೇಕು, ರೋಗಿ ಹತ್ರ ದುಡ್ಡು ಕೇಳೋ ಹಾಗಿಲ್ಲ. ಅಡ್ಮಿನ್, ದಯವಿಟ್ಟು ಗಮನಿಸಿ.

ನಿರ್ವಾಹಕ
ಆ ಖಾತೆ ತೆಗೆದಿದ್ದೇನೆ.

ಹಳೇಮೈಸೂರು_ಹುಳಿ
ಒಂದು ಮಾತು ಕೇಳ್ಲಾ, ಬೇಜಾರ್ ಮಾಡ್ಕೋಬೇಡಿ, ಸುಗ್ಗಿ ಅವ್ರದ್ದು ಸೋದರಮಾವನ ಮದುವೆನಾ? ನಮ್ಮ ಕಡೆ ಇದು ಜಾಸ್ತಿ, ಅದಕ್ಕೇ ಇಂಥ ಮಕ್ಳು ಹುಟ್ಟೋದು ಕಣ್ರೀ.

ತುಂಗೆಯ_ತಟ
"ಇಂಥ ಮಕ್ಳು" ಅಂದ್ರೇನ್ರೀ? ಅವ್ರು ಕೇಳಿದ್ದು ಮುಂದೇನ್ ಮಾಡ್ಲಿ ಅಂತ, ಜಾತಕ ಅಲ್ಲ.

ಹಳೇಮೈಸೂರು_ಹುಳಿ
ಸತ್ಯ ಹೇಳಿದ್ರೆ ಉರಿ. ಸಂಬಂಧದಲ್ಲಿ ಮದುವೆ ಮಾಡ್ಕೊಂಡು ಆಮೇಲೆ ಸರ್ಕಾರ ಥೆರಪಿ ಕೊಡ್ಲಿಲ್ಲ ಅಂತ ಅಳೋದು.

ಕಿವಿಮಾತು
ಹುಳಿ ಅವ್ರೇ, ಅರ್ಧ ಸತ್ಯ ನಿಮ್ದು. ಹುಟ್ಟಾ ಕಿವುಡಲ್ಲಿ, ಕೆಲವು ಮೆಟಬಾಲಿಕ್ ಕಾಯಿಲೆಗಳಲ್ಲಿ ರಕ್ತಸಂಬಂಧದ ಮದುವೆಗೆ ದೊಡ್ಡ ಪಾಲಿದೆ, ಒಪ್ಪೋಣ. ಯಾವ ದಂಪತಿಗೇ ಆಗ್ಲಿ ಹುಟ್ಟಿನ ದೋಷ ಇರೋ ಮಗು ಆಗೋ ಸಾಧ್ಯತೆ ಶೇ. 2-3 ಇರುತ್ತೆ, ಅತ್ತೆಮಗ-ಮಾವನಮಗಳ ಮದುವೇಲಿ ಅದು ಸುಮಾರು ಎರಡರಷ್ಟು, ಅಕ್ಕನ ಮಗಳನ್ನ ಮಾಡ್ಕೊಂಡ್ರೆ ಇನ್ನೂ ಹೆಚ್ಚು. ಅಂದ್ರೂ ಹೆಚ್ಚಿನ ಮಕ್ಳು ಆರೋಗ್ಯವಾಗೇ ಹುಟ್ತಾರೆ, ಹೊರಗಿನ ಸಂಬಂಧ ಮಾಡ್ದೋರಿಗೂ ತೊಂದರೆ ಆಗುತ್ತೆ. ಇನ್ನೊಂದು ಮಗು ಮಾಡ್ಕೊಳ್ಳೋ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ತಗೊಳ್ಳಿ ಅಂತ ಹೇಳೋದು ಸರಿ. ಹುಟ್ಟಿರೋ ಮಗು ತಾಯಿಗೆ ಮದುವೆ ವಿಚಾರಣೆ ಮಾಡೋದು ಸರಿ ಅಲ್ಲ.

ಸುಗ್ಗಿ_ಸಂಜೆ
ನಮ್ಮದು ಸಂಬಂಧ ಅಲ್ಲ, ಆದ್ರೂ ಎಲ್ಲೋದ್ರೂ ಮೊದಲು ಕೇಳೋದು ಅದೇ. ಬಿಡಿ.

ಗಾಲಿಕುರ್ಚಿ_ಅಪ್ಪ
ಬಿಡಿ ಸುಗ್ಗಿ. ನನ್ನ ಹೆಂಡ್ತಿಗೆ ಗ್ರಹಣ ನೋಡಿದ್ಯಾ ಅಂತ ಕೇಳಿದ್ರು.

ದೂರದ_ದೀಪ
ಇಂಗ್ಲೆಂಡಿಂದ. ಇಲ್ಲಿ ಕಮ್ಯುನಿಟಿ ಪೀಡಿಯಾಟ್ರಿಷಿಯನ್ ಅಂತಾನೇ ಬೇರೆ ಡಾಕ್ಟ್ರು ಇರ್ತಾರೆ, ಜ್ವರ ಕೆಮ್ಮು ನೋಡೋರಲ್ಲ, ಇಂಥ ಮಕ್ಳಿಗೇ ಅಂತ. 2-2½ ವರ್ಷಕ್ಕೆ ಹೆಲ್ತ್ ವಿಸಿಟರ್ ಎಲ್ಲಾ ಮಕ್ಳ ಬೆಳವಣಿಗೆ ನೋಡ್ತಾರೆ. ಸ್ಕೂಲಲ್ಲಿ ಸಹಾಯ ಬೇಕು ಅಂದ್ರೆ ಇಎಚ್‌ಸಿಪಿ ಅಂತ ಕಾನೂನಿನ ಬಲ ಇರೋ ಪ್ಲಾನ್, 25 ವರ್ಷದ ತನಕ ನಡೆಯುತ್ತೆ. ನಮ್ಮಲ್ಲಿ ಇದೆಲ್ಲಾ ಯಾವಾಗ ಬರುತ್ತೋ.

ಚೌಕಾಬಾರ
ಅಲ್ಲಿ ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತೆ ಅದನ್ನೂ ಹೇಳಿ ಅಕ್ಕ

ದೂರದ_ದೀಪ
ಅದನ್ನ ಕೇಳ್ಬೇಡಿ. ಆಟಿಸಂ ಅಸೆಸ್‌ಮೆಂಟ್‌ಗೆ ವರ್ಷ ದಾಟೋದು ಮಾಮೂಲು. ನನ್ನ ಫ್ರೆಂಡ್ ರಜಕ್ಕೆ ಊರಿಗೆ ಬಂದಾಗ ನಿಮ್ಹಾನ್ಸಲ್ಲಿ ತೋರ್ಸಿ, ಆ ರಿಪೋರ್ಟ್ ಹಿಡ್ಕೊಂಡು ಬಂದು ಇಲ್ಲಿ ಕೊಟ್ಲು 🙈

ಗಾಲಿಕುರ್ಚಿ_ಅಪ್ಪ
ಹಂಗಾದ್ರೆ ಅಲ್ಲಿ ಕಾಗದ ಗಟ್ಟಿ, ಕ್ಯೂ ಉದ್ದ. ಇಲ್ಲಿ ಕ್ಯೂನೇ ಇಲ್ಲ ಯಾಕಂದ್ರೆ ಕೂರೋ ಮನುಷ್ಯನೇ ಇಲ್ಲ.

ಪಂಚಾಯ್ತಿ_ಕಟ್ಟೆ
ನಾನು ವಿಆರ್‌ಡಬ್ಲ್ಯೂ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನಮ್ಮಂಥೋರು ಇದೀವಿ ಅಂತಾನೇ ಅರ್ಧ ಜನಕ್ಕೆ ಗೊತ್ತಿಲ್ರೀ. ಕರ್ನಾಟಕದಾಗ ಗ್ರಾಮ ಪಂಚಾಯ್ತಿಗೆ ಒಬ್ರು, ತಾಲೂಕಿಗೆ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಒಬ್ರು. ಗೌರವಧನದ ಮ್ಯಾಲೆ ಕೆಲಸ, ನಾವೂ ಬಹಳ ಮಂದಿ ವಿಕಲಚೇತನರೇ. ನನಗೆ ಪೋಲಿಯೋ ಆಗಿದ್ದು. ಯುಡಿಐಡಿ (ವಿಕಲಚೇತನರ ಗುರುತಿನ ಕಾರ್ಡ್) ಅರ್ಜಿ, ಪಿಂಚಣಿ, ಸಲಕರಣೆ ಕ್ಯಾಂಪ್, ನಿರಾಮಯ ಇನ್ಶೂರೆನ್ಸ್ ಎಲ್ಲಾದಕ್ಕೂ ನಮ್ಮ ಹತ್ರ ಬರ್ರಿ. ನಿರಾಮಯ ಆಟಿಸಂ, ಸಿಪಿ, ಬುದ್ಧಿಮಾಂದ್ಯತೆ, ಬಹು ಅಂಗವೈಕಲ್ಯ ಈ ನಾಲ್ಕಕ್ಕ ಮಾತ್ರ, ವರ್ಷಕ್ಕ 1 ಲಕ್ಷದ ತನಕ, ಥೆರಪಿ ಖರ್ಚಿಗೂ ಅದರಾಗ ಪಾಲು ಐತಿ.

ಸುಗ್ಗಿ ಅಕ್ಕಾರ, ನಿಮಗೆ ಈಗಲೇ ಇದ್ಯಾವುದೂ ಬೇಕಾಗಿಲ್ಲ. ಮೊದಲು ಡಾಕ್ಟ್ರು ಏನಂತಾರ ನೋಡ್ರಿ. ಬೇಕಾದ್ರೆ ಸಣ್ಣ ಮಕ್ಕಳಿಗೆ ಮೊದಲು ತಾತ್ಕಾಲಿಕ ಸರ್ಟಿಫಿಕೇಟ್ ಕೊಡ್ತಾರ, ಆಮ್ಯಾಲೆ ಮತ್ತೆ ನೋಡಿ ಬದಲಿ ಮಾಡ್ತಾರ. ಒಂದ್ಸಲ ಬರೆದ್ರೆ ಜೀವನಪೂರ್ತಿ ಹಣೆಬರಹ ಅಂತ ತಿಳ್ಕೋಬ್ಯಾಡ್ರಿ.

ಆಟದ_ಅಕ್ಕ
ವಿಆರ್‌ಡಬ್ಲ್ಯೂಗಳಿಗೆ ಅರ್ಜಿ ತುಂಬೋದು ಬಿಟ್ಟು ಮಕ್ಳ ಜೊತೆ ಕೂರೋ ತರಬೇತಿ, ಸಮಯ ಕೊಟ್ಟಿದ್ರೆ ಈ ಎರಡು ಬಸ್ಸಿನ ಗೋಳು ಅರ್ಧ ಕಡಿಮೆ ಆಗ್ತಿತ್ತು. ಅಂಗನವಾಡೀಲಿ ಹೇಗೆ ಗುರುತಿಸಿ ಸೇರಿಸ್ಕೋಬೇಕು ಅಂತ ಕೇಂದ್ರದವ್ರು 2023ರಲ್ಲಿ ದಿವ್ಯಾಂಗ ಮಕ್ಕಳ ಪ್ರೋಟೋಕಾಲ್ ಅಂತ ತಂದ್ರು, ಪುಸ್ತಕ ಚೆನ್ನಾಗೇ ಇದೆ. ಆದ್ರೆ ಟೀಚರ್‌ಗೆ ಆಗ್ಲೇ ಪೋಷಣ್ ಆಪ್, ತೂಕ, ಮೊಟ್ಟೆ, ಸರ್ವೆ, ಎಲೆಕ್ಷನ್ ಪಟ್ಟಿ. ಮೇಲೆ ಇದು.

ಪಂಚಾಯ್ತಿ_ಕಟ್ಟೆ
ನಮಗ ಪಂಚಾಯ್ತಿಯವ್ರು ಕಂದಾಯ ವಸೂಲಿಗೂ ಕಳಿಸ್ತಾರ್ರೀ ಅಕ್ಕಾರ.

ಕಿವಿಮಾತು
ಮೈಸೂರು ಕಡೆಯವ್ರಿಗೆ ಒಂದು ಮಾತು: ಮಾನಸಗಂಗೋತ್ರಿ ಹತ್ರ ಇರೋ ಆಯಿಶ್, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ, ಅಲ್ಲಿ ಕಿವಿ, ಮಾತು, ಸೈಕಾಲಜಿ ಎಲ್ಲಾ ಒಂದೇ ಕಾಂಪೌಂಡಲ್ಲಿ ಸಿಗುತ್ತೆ. ಅಲ್ಲಿನ ಪ್ರೀಸ್ಕೂಲಲ್ಲಿ ತಾಯಂದಿರೂ ಮಗು ಜೊತೆ ಕೂತು ಕಲೀಬೇಕು, ಬಿಟ್ಟು ಹೋಗೋ ಹಾಗಿಲ್ಲ. ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು ಥರ ಸಣ್ಣ ಊರಿನ ಆಸ್ಪತ್ರೆಗಳಲ್ಲೂ ಅವ್ರು ಹೊರಸೇವಾ ಕೇಂದ್ರ ಮಾಡಿದ್ರು. ಇಂಥದ್ದು ಉತ್ತರ ಕರ್ನಾಟಕಕ್ಕೂ ಬೇಕು. ರಾಯಚೂರು ಬೀದರ್ ಕಡೆಯಿಂದ ಮಗು ಎತ್ಕೊಂಡು ರಾತ್ರಿ ರೈಲಲ್ಲಿ ಮೈಸೂರಿಗೆ ಬರೋರನ್ನ ನೋಡಿದ್ರೆ ಸಂಕಟ ಆಗುತ್ತೆ.

ಸುಗ್ಗಿ_ಸಂಜೆ
ಎಲ್ರಿಗೂ ಥ್ಯಾಂಕ್ಸ್. ಯಜಮಾನ್ರಿಗೆ ಈ ಥ್ರೆಡ್ ಪೂರ್ತಿ ಓದಿಸ್ದೆ. ಸೋಮವಾರ ಹೋಗೋದು ಅಂತ ಆಯ್ತು, ಅವ್ರೂ ಬರ್ತಾರಂತೆ. ಆಶಾ ಅಕ್ಕ ಫೋನ್ ಮಾಡಿ ಸ್ಪೀಚ್ ಥೆರಪಿಸ್ಟ್ ಯಾವ ದಿನ ಇರ್ತಾರೆ ಅಂತ ವಿಚಾರಿಸಿದಾರೆ. ಡಬ್ಬಿ ಆಟ ನಿನ್ನೆ ಮಾಡ್ದೆ, ಡಬ್ಬಿ ನನ್ ಕಡೆ ಎಸೆದ 🙄

ಆಟದ_ಅಕ್ಕ
ನಿಮ್ ಕಡೆನೇ ಎಸೆದ ತಾನೇ? ನಿಮ್ಮಿಂದ ಆಗುತ್ತೆ ಅಂತ ಗೊತ್ತಾಯ್ತಲ್ಲ. ಮುಂದುವರ್ಸಿ. ಹೋಗೋವಾಗ ಮಗು ಆಡೋದು, ನಿಮ್ಮ ಕೈ ಎಳೆಯೋದು ಎರಡು ಮೂರು ಚಿಕ್ಕ ವಿಡಿಯೋ ಮಾಡ್ಕೊಂಡ್ ಹೋಗಿ, ಆಸ್ಪತ್ರೇಲಿ ಬರೀ ಅಳ್ತಾನೆ, ಡಾಕ್ಟ್ರಿಗೆ ಏನೂ ಕಾಣಲ್ಲ. ತಾಯಿ ಕಾರ್ಡ್, ಹೆರಿಗೆ ಡಿಸ್ಚಾರ್ಜ್ ಸಮ್ಮರಿ, ಆಧಾರ್ ತಗೊಳ್ಳಿ.

ಬಯಲುಸೀಮೆ_ಬಸ್ಯಾ
ಹೋಗಿ ಬರ್ರಿ ಅಕ್ಕಾ. ಹೆಂಗಸ್ರಿಗೆ ಬಸ್ ಹೆಂಗೂ ಫ್ರೀ, ಯಜಮಾನ್ರ ಟಿಕೆಟ್ ಮಾತ್ರ.

ಗಾಲಿಕುರ್ಚಿ_ಅಪ್ಪ
ಬಸ್ ಅಂದಾಗ ನೆನಪಾಯ್ತು, ಪಂಚಾಯ್ತಿ ಅಣ್ಣ, ಮಗಳ ಕೆಎಸ್‌ಆರ್‌ಟಿಸಿ ಪಾಸ್ ಮನೆಯಿಂದ 100 ಕಿಮೀ ಒಳಗೆ ಮಾತ್ರ ಅಂತಾರಲ್ಲ, ನಮ್ಮ ಹಿಪ್ ಎಕ್ಸ್‌ರೇ ನೋಡೋ ಆರ್ಥೋ ಡಾಕ್ಟ್ರು ಇರೋದು ಅದಕ್ಕಿಂತ ಆಚೆ. ಏನ್ ಮಾಡೋದು?

ಪಂಚಾಯ್ತಿ_ಕಟ್ಟೆ
100 ದಾಟಿದ್ರೆ ಅಲ್ಲಿಂದ ಮುಂದಕ್ಕ ಟಿಕೆಟ್ ತಗೋಬೇಕ್ರೀ ಸರ್. ರೈಲು ಇದ್ರ ರೈಲಿಗೆ ಹೋಗ್ರಿ, ಒಬ್ಬರ ಸಹಾಯ ಇಲ್ದೇ ಪ್ರಯಾಣ ಮಾಡಕ್ಕಾಗದವರಿಗೆ ಸ್ಲೀಪರ್‌ನಾಗ 75 ಪರ್ಸೆಂಟ್ ರಿಯಾಯ್ತಿ, ಜೋಡಿ ಹೋಗೋರಿಗೂ ಅಷ್ಟೇ. ಅದಕ್ಕ ರೈಲ್ವೆ ಫಾರ್ಮ್ಯಾಟ್‌ನಾಗ ಬೇರೆ ಸರ್ಟಿಫಿಕೇಟ್ ಬೇಕು, ಡಾಕ್ಟ್ರ ಸೀಲ್ ಮರೀಬ್ಯಾಡ್ರಿ.

ಗಾಲಿಕುರ್ಚಿ_ಅಪ್ಪ
ನಮ್ಮೂರಿಗೆ ರೈಲಿಲ್ಲ ಅಣ್ಣ.

ಚೌಕಾಬಾರ
ರೈಲಿನ ವಿಷಯಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಇದಕ್ಕಿಂತ ದೊಡ್ಡ ಜಗಳ ನಡೀತಿದೆ ಬನ್ನಿ